ರಟ್ಟಿನ ಡಬ್ಬದ ಮಹಿಮೆ

ಸಣ್ಣ ಮಕ್ಕಳಿಗೆ ಆಟದ ಸಾಮಾನಿನ ಬೆಲೆ ತಿಳಿಯುವುದಿಲ್ಲ, ತಿಳಿಯುವುದು ಅಪ್ಪನಿಗೆ ಮಾತ್ರ. ಸಾವಿರ ರೂಪಾಯಿಯ ರಿಮೋಟ್ ಕಾರು ಸಂಜೆಯೊಳಗೆ ಮಂಚದಡಿ ಸೇರಿರುತ್ತದೆ. ಅದನ್ನು ಹೊತ್ತು ತಂದ ರಟ್ಟಿನ ಡಬ್ಬವೋ ವಾರಗಟ್ಟಲೆ ಬಸ್ಸು, ಅಂಗಡಿ, ಕೊನೆಗೆ ಬೆಕ್ಕಿನ ಜೈಲು ಆಗಿ ಬಾಳುತ್ತದೆ. ಅಮೆರಿಕದ ರಾಚೆಸ್ಟರ್ ನಗರದ ರಾಷ್ಟ್ರೀಯ ಆಟಿಕೆ ಗೌರವ ಸಭಾಂಗಣವು 2005ರಲ್ಲಿ ರಟ್ಟಿನ ಡಬ್ಬವನ್ನೂ 2008ರಲ್ಲಿ ಬರಿಯ ಕೋಲನ್ನೂ ಶ್ರೇಷ್ಠ ಆಟಿಕೆಗಳ ಸಾಲಿಗೆ ಸೇರಿಸಿಕೊಂಡಿತು. ಕನ್ನಡ ಶಾಲೆಗಳಲ್ಲಿ ಕೋಲಿಗೆ ಬಹುಕಾಲ ಬೇರೆಯೇ ಗೌರವವಿತ್ತೆನ್ನಿ.

ಮಳೆಗಾಲದ ಮಧ್ಯಾಹ್ನಕ್ಕೆ ಹುಣಸೆಬೀಜ ಸಾಕು. ನಾಲ್ಕು ಬೀಜಗಳ ಒಂದೊಂದು ಮಗ್ಗುಲನ್ನು ಬಿಳಿ ಕಾಣುವವರೆಗೆ ಕಲ್ಲಿಗೆ ಉಜ್ಜಿದರೆ ಚೌಕಾಬಾರದ ದಾಳ ಸಿದ್ಧ. ಉಜ್ಜುವುದಕ್ಕೇ ಸಾಕಷ್ಟು ಹೊತ್ತು ಹಿಡಿಯುವುದರಿಂದ ದೊಡ್ಡವರಿಗೆ ಆಟಕ್ಕಿಂತ ಅದೇ ಲಾಭ. ನೆಲದ ಮೇಲೆ ಸೀಮೆಸುಣ್ಣದಲ್ಲಿ 25 ಮನೆ ಬರೆಯಬೇಕು. ನಾಲ್ಕೂ ಬಿಳಿ ಬಿದ್ದರೆ ಚೌಕ, ನಾಲ್ಕೂ ಕಪ್ಪು ಬಿದ್ದರೆ ಬಾರ, ಅಂದರೆ ಎಂಟು. ಮಗುವಿಗೆ ಎಣಿಕೆ ತಾನಾಗಿ ಬರುತ್ತದೆ. ಅಜ್ಜಿಯ ಎದುರು ಕೂತರೆ ತಂತ್ರವೂ ಬರುತ್ತದೆ. ಉಳಿದ ಬೀಜ ಅಳಗುಳಿಮಣೆಯ 14 ಗುಳಿಗಳಿಗೆ. ಮಣೆ ಇಲ್ಲದಿದ್ದರೆ ಅಂಗಳದ ಮಣ್ಣು ತೋಡಬಹುದು. ಅಂಗಳವೂ ಇಲ್ಲದ ಫ್ಲ್ಯಾಟಿನವರು ಕಾಫಿ ಲೋಟಗಳನ್ನು ಎರಡು ಸಾಲಿನಲ್ಲಿ ಜೋಡಿಸಬಹುದು, ನೆಂಟರು ಬರುವವರೆಗೆ.

ಕಂಡದ್ದನ್ನೆಲ್ಲ ಬಾಯಿಗೆ ಹಾಕುವ ವಯಸ್ಸಿನವರ ಹತ್ತಿರ ಬೀಜ ಸುಳಿಯಬಾರದು, ಗಂಟಲಿಗೆ ಸಿಕ್ಕೀತು. ಅವರಿಗೆ ಸ್ಟೀಲ್ ತಟ್ಟೆ, ಮರದ ಸೌಟು ಕೊಟ್ಟರಾಯಿತು. ಖರ್ಚು ಸೊನ್ನೆ, ಆನಂದ ಅಪಾರ, ತಲೆನೋವು ಕೆಳಗಿನ ಮನೆಯವರಿಗೆ.