ಒಂದು ಗುಲಗಂಜಿ ಜಾಸ್ತಿ ಇರಲಿ

ತಿರುಮಕೂಡಲು ನರಸೀಪುರದಲ್ಲಿ ಹುಟ್ಟಿದವರಿಗೆ ತೂಕದ ವಿಷಯದಲ್ಲಿ ಸ್ವಲ್ಪ ಗರ್ವ ಇರುತ್ತದೆ. ಇರಬೇಕಾದ್ದೇ. ಕಾಶಿಯನ್ನೂ ತಮ್ಮೂರನ್ನೂ ತಕ್ಕಡಿಗೆ ಹಾಕಿದಾಗ ತಮ್ಮೂರಿನ ತಟ್ಟೆಯೇ ಒಂದು ಗುಲಗಂಜಿಯಷ್ಟು ಕೆಳಗಿಳಿಯಿತು ಎಂಬ ಕಥೆ ಕೇಳುತ್ತಲೇ ಅವರು ಬೆಳೆಯುತ್ತಾರೆ. ಗುಂಜಾ ನರಸಿಂಹಸ್ವಾಮಿಯ ಹೆಸರಿನಲ್ಲೇ ಆ ಗುಲಗಂಜಿ ಕೂತಿದೆ. ಈ ಕಥೆಯಿಂದ ಉಳಿದವರಿಗೆ ಪುಣ್ಯ ಸಿಕ್ಕಿತು. ನಮ್ಮ ಟನ್ನಣ್ಣನಿಗೆ ಗಾಡಿ ಕೊಳ್ಳುವ ಸೂತ್ರ ಸಿಕ್ಕಿತು. "ಬೇಕಾದ್ದಕ್ಕಿಂತ ಒಂದು ಗುಲಗಂಜಿ ಜಾಸ್ತಿನೇ ಇರ್ಲಿ ಕನಾ."

ಅಪ್ಪ ಅಮ್ಮ ಇಟ್ಟ ಹೆಸರು ಅವನಿಗೂ ಇದೆ. ಅದು ಆಧಾರ್ ಕಾರ್ಡಿನಲ್ಲಿ ಸುಖವಾಗಿದೆ. ಬಸ್ ಸ್ಟ್ಯಾಂಡಿನ ಹತ್ತಿರದ ಟೀ ಅಂಗಡಿಯಲ್ಲಿ ಮಾತ್ರ ಅವನು ಟನ್ನಣ್ಣ. ಗೂಡ್ಸ್ ಗಾಡಿ ತೆಗೆಯಬೇಕು ಎಂದು ಯಾರ ಮನಸ್ಸಿನಲ್ಲಾದರೂ ಹೊಳೆದರೆ ಅದು ಮನೆಯವಳಿಗೆ ಗೊತ್ತಾಗುವ ಮೊದಲೇ ಅವನಿಗೆ ಗೊತ್ತಾಗಿರುತ್ತದೆ. ಮನುಷ್ಯರನ್ನು ನೋಡುವಾಗಲೂ ಅವನ ಕಣ್ಣು ಆರ್‌ಸಿ ಬುಕ್ಕಿನ ಕಣ್ಣೇ. ಮದುವೆ ಮನೆಯಲ್ಲಿ ಬೀಗರು ಊಟಕ್ಕೆ ಹೋಗುವುದನ್ನು ಕಂಡು "ಇದು ಅನ್‌ಲ್ಯಾಡನ್" ಎಂದ; ಒಬ್ಬಟ್ಟು ಮುಗಿಸಿ ಬಂದಾಗ "ಇದು ಗ್ರಾಸ್" ಎಂದ. ಎರಡರ ನಡುವಿನ ವ್ಯತ್ಯಾಸವೇ ಗಾಡಿ ಹೊರಬಹುದಾದ ಲೋಡು. ನನಗೆ ಈ ಲೆಕ್ಕ ಇಷ್ಟು ಸಲೀಸಾಗಿ ಬೇರೆ ಯಾರೂ ಹೇಳಿಕೊಟ್ಟಿಲ್ಲ.

ನನ್ನ ಭಾಮೈದ ನಂಜನಗೂಡಿನವನು, ಬಾಳೆಕಾಯಿ ವ್ಯಾಪಾರ. ಊರಿನ ಹೆಸರು ರಸಬಾಳೆಯಿಂದ, ಹೊಟ್ಟೆಪಾಡು ನೇಂದ್ರದಿಂದ. ಟಾಟಾ ಏಸ್ ತೆಗೆಯುವುದೆಂದು ಅಡ್ವಾನ್ಸಿಗೆ ದುಡ್ಡು ಜೇಬಲ್ಲಿಟ್ಟುಕೊಂಡೇ ಬಂದಿದ್ದ. ಟೀ ಕುಡಿದು ಹೋಗೋಣ ಎಂದು ನಾನೇ ಕರೆದುಕೊಂಡು ಹೋದೆ. ತಪ್ಪು ನನ್ನದು.

"ಎಷ್ಟು ಗೊನೆ ಹಾಕ್ತೀಯ?"

"ಐವತ್ತು ಅಣ್ಣ."

"ಗೊನೆಗೆ ಹನ್ನೆರಡು ಕೆಜಿ ಹಿಡಿ, ಆರುನೂರು. ನೀನು ಎಂಬತ್ತೈದು. ಜೊತೆಗೊಬ್ಬ ಹುಡುಗ, ಐವತ್ತು. ಟಾರ್ಪಾಲು, ಹಗ್ಗ ಹದಿನೈದು. ಸರಿಯಾಗಿ ಏಳ್ನೂರೈವತ್ತು. ಮುಕ್ಕಾಲು ಟನ್ ಗಾಡಿ ಅಲ್ಲಿಗೆ ಮುಗೀತು. ಬುತ್ತಿ ಡಬ್ಬಿ ಎಲ್ಲಿ ಇಡ್ತೀಯ?"

ಭಾಮೈದ ಬುತ್ತಿ ಡಬ್ಬಿಯ ಬಗ್ಗೆ ಯೋಚಿಸಿರಲಿಲ್ಲ. 2005ರಲ್ಲಿ ಏಸ್ ಬಂದಾಗಿನಿಂದ ಅದರಲ್ಲಿ ಹೊಟ್ಟೆ ಹೊರೆದುಕೊಂಡವರು ಯಾರೂ ಯೋಚಿಸಿರಲಾರರು. ಡಬ್ಬಿಗೋಸ್ಕರ ಚರ್ಚೆ ಒಂದೂಕಾಲು ಟನ್ನಿನ ದೋಸ್ತ್‌ಗೆ ಏರಿತು. ಮಳೆಗಾಲದಲ್ಲಿ ತೋಟದ ಕೆಸರು ಅಂತ ಅಲ್ಲಿಂದ ಬೊಲೆರೊ ಪಿಕಪ್‌ಗೆ. ಬೊಲೆರೊದಲ್ಲಿ ಮತ್ತೆ ಒಂದು ಪಾಯಿಂಟ್ ಮೂರೋ, ಒಂದು ಪಾಯಿಂಟ್ ಏಳೋ? ಇಲ್ಲಿ ಟನ್ನಣ್ಣ ಧ್ವನಿ ತಗ್ಗಿಸಿದ. ಒಟ್ಟು ತೂಕ 3,000 ಕೆಜಿ ದಾಟದಿದ್ದರೆ ಪರ್ಮಿಟ್ಟು ಬೇಡ, ದಾಟಿದರೆ ಬೇಕು. ಮಾಮೂಲಿ ಲೈಸೆನ್ಸಿನಲ್ಲಿ 7,500 ಕೆಜಿವರೆಗೂ ಓಡಿಸಬಹುದು, 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಐದು ಜನ ಜಡ್ಜುಗಳೇ ಹೇಳಿದ್ದಾರೆ. ಐದೂ ಜನ ತನ್ನನ್ನು ಒಂದು ಮಾತು ಕೇಳಿಯೇ ಹೇಳಿದರೇನೋ ಎನ್ನುವ ಹಾಗಿತ್ತು ಅವನ ಮುಖ. "ಕೋರ್ಟೇ ಅಷ್ಟು ಜಾಗ ಕೊಟ್ಟಿರುವಾಗ ನೀನ್ಯಾಕೆ ಮುಕ್ಕಾಲು ಟನ್ನಲ್ಲಿ ಮುದುರ್ಕೊಂಡು ಕೂತ್ಕತೀಯ?" ಎರಡನೇ ಟೀ ಮುಗಿಯುವಷ್ಟರಲ್ಲಿ ಭಾಮೈದ ಮನಸ್ಸಿನಲ್ಲೇ ಟಾಟಾ 407ರ ಪಕ್ಕ ನಿಂತಿದ್ದ. ಅಡ್ವಾನ್ಸಿನ ದುಡ್ಡು ಜೇಬಲ್ಲೇ ಇತ್ತು.

ಟನ್ನಣ್ಣನನ್ನು ಬರೀ ಬಾಯಿಬಡುಕ ಎಂದುಕೊಂಡರೆ ಅನ್ಯಾಯ. ಅವನ ಕೆಲವು ಮಾತು ಮೆಕ್ಯಾನಿಕ್‌ಗಳೂ ತಲೆದೂಗುವಂಥವು. ಅಳಗಂಚಿಯ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊತ್ತ ಟ್ರ್ಯಾಕ್ಟರುಗಳು ಸಾಲುಗಟ್ಟುವ ಕಾಲದಲ್ಲಿ ದಿಣ್ಣೆ ಹತ್ತುವ ಟ್ರ್ಯಾಕ್ಟರ್ ಕುದುರೆಯ ಹಾಗೆ ಮುಂಗಾಲೆತ್ತುವುದನ್ನು ನೀವೂ ನೋಡಿರಬಹುದು. ನಾವೆಲ್ಲ ಎಂಜಿನ್ ಸಾಲದು ಅಂದುಕೊಳ್ಳುತ್ತೇವೆ. "ಎಂಜಿನ್ ಸಾಕು ಕನಾ. ಟ್ರೇಲರ್ ಹುಕ್ಕಿನ ಮೇಲೆ ಕೂತದೆ, ಮುಂದೆ ಭಾರ ಇಲ್ಲ. ಮುಂದಿನ ಚಕ್ರ ನೆಲ ಬುಟ್ರೆ ಸ್ಟೇರಿಂಗು ತಿರುಗ್ಸಿ ಏನು ಪ್ರಯೋಜನ? ಹೊರೋದು ಬೇರೆ, ಎಳೆಯೋದು ಬೇರೆ, ನಿಲ್ಸೋದು ಬೇರೆ." ಐದು ಸಾವಿರ ಲೀಟರಿನ ನೀರಿನ ಟ್ಯಾಂಕರ್ ಎಂದರೆ ನೀರೇ ಐದು ಟನ್ನು, ಎಳೆಯುವ ಟ್ರ್ಯಾಕ್ಟರಿನ ತೂಕ ಅದರ ಅರ್ಧವೂ ಇರುವುದಿಲ್ಲ. ಇಳಿಜಾರಿನಲ್ಲಿ ಯಾರು ಯಾರನ್ನು ಕರೆದುಕೊಂಡು ಹೋಗುತ್ತಾರೆ ಎಂದು ಅವನು ಕೇಳಿದಾಗ ಟೀ ಅಂಗಡಿಯಲ್ಲಿ ಯಾರೂ ನಗಲಿಲ್ಲ.

ಟೆಕ್ಸಾಸಿನಲ್ಲಿರುವ ನನ್ನ ಅಣ್ಣನ ಮಗ ಒಮ್ಮೆ ಬಂದಿದ್ದ. ಅಲ್ಲಿಯೂ ಪಿಕಪ್ಪುಗಳಿಗೆ ಅರ್ಧ ಟನ್, ಮುಕ್ಕಾಲು ಟನ್, ಒಂದು ಟನ್ ಅಂತ ಹೆಸರು, ಹೆಸರೆಲ್ಲ ಅಜ್ಜನ ಕಾಲದ್ದು, ಈಗ ಅವು ಅದಕ್ಕಿಂತ ಎಷ್ಟೋ ಜಾಸ್ತಿ ಹೊರುತ್ತವೆ ಎಂದ. ಟನ್ನಣ್ಣನಿಗೆ ಸ್ವಲ್ಪವೂ ಆಶ್ಚರ್ಯವಾಗಲಿಲ್ಲ. "ನಮ್ಮಲ್ಲೂ ಅಷ್ಟೇ ಕನಪ್ಪ. ಹೆಸರು ಮುಕ್ಕಾಲು ಟನ್ನು, ಹೊರೋದು ಒಂದೂವರೆ." ಅಲ್ಲಿ ಕಂಪನಿಯೇ ಸ್ಪ್ರಿಂಗಿಗೆ ಬ್ಲೇಡು ಜಾಸ್ತಿ ಹಾಕುತ್ತದೆ, ಇಲ್ಲಿ ನಾವೇ ಹಾಕಿಸುತ್ತೇವೆ. ಸಿಕ್ಕಿಬಿದ್ದರೆ 2019ರ ತಿದ್ದುಪಡಿಯಂತೆ 20,000 ರೂಪಾಯಿ ದಂಡ, ಹೆಚ್ಚಿಗೆ ಹೇರಿದ ಪ್ರತಿ ಟನ್ನಿಗೆ ಮತ್ತೆ 2,000.

ಟನ್ನಣ್ಣನ ಸ್ವಂತ ಗಾಡಿ ಒಂದು ಪಾಯಿಂಟ್ ಏಳು ಟನ್ನಿನ ಪಿಕಪ್ಪು, ಉದ್ದದ ಬಾಡಿ. ಅದರ ನಿತ್ಯದ ಲೋಡು ಡೈರಿಗೆ ಹೋಗುವ ಎರಡು ಕ್ಯಾನ್ ಹಾಲು. ಭಾರಕ್ಕೆಂದು ಕೊಟ್ಟ ಹಿಂದಿನ ಬ್ಲೇಡುಗಳು ಖಾಲಿ ಗಾಡಿಯಲ್ಲಿ ಬಗ್ಗುವುದೇ ಇಲ್ಲ. ಪ್ರತಿ ಗುಂಡಿಗೂ ಗಾಡಿ ಗೂಳಿಯ ಹಾಗೆ ನೆಗೆಯುತ್ತದೆ. ಹಾಲು ಡೈರಿ ಮುಟ್ಟುವಷ್ಟರಲ್ಲಿ ಮೇಲೆ ಬೆಣ್ಣೆ ಕಾಣಿಸಿಕೊಳ್ಳುತ್ತದೆ ಎಂದು ಅತ್ತಿಗೆ ಹೇಳುತ್ತಾರೆ, ಅತ್ತಿಗೆಯ ಮಾತಿಗೆ ಸ್ವಲ್ಪ ವಟಾವ ಹಿಡಿಯಬೇಕು. ಕೊನೆಗೆ ಅವನು ಹಿಂದೆ ಆರು ಮೂಟೆ ಮರಳು ಹಾಕಿಸಿದ. ಈಗ ಗಾಡಿ ರೇಷ್ಮೆಯ ಹಾಗೆ ಹೋಗುತ್ತದೆ. ಎರಡು ವರ್ಷದಿಂದ ಅದೇ ಮರಳು ದಿನಾ ಊರಿಂದ ಡೈರಿಗೆ, ಡೈರಿಯಿಂದ ಊರಿಗೆ ಪರ್ಮಿಟ್ ಸಮೇತ ಓಡಾಡುತ್ತಿದೆ.

ಈ ಸಲ ನಂಜನಗೂಡಿನ ದೊಡ್ಡ ಜಾತ್ರೆಗೆ ಅವನ ಜೊತೆ ಹೋದೆವು. ಗಣಪತಿ, ಶ್ರೀಕಂಠೇಶ್ವರ, ಪಾರ್ವತಿ, ಸುಬ್ರಹ್ಮಣ್ಯ, ಚಂಡಿಕೇಶ್ವರ, ಒಟ್ಟು ಐದು ತೇರು. ಶ್ರೀಕಂಠೇಶ್ವರನ ಗೌತಮ ರಥ ಬಂದಾಗ ಜನ ಜಯಕಾರ ಹಾಕಿ ಹಣ್ಣು ಜವನ ಎಸೆದರು. ಟನ್ನಣ್ಣ ಮಾತ್ರ ಕತ್ತು ಬಗ್ಗಿಸಿ ಅಚ್ಚು ನೋಡುತ್ತಿದ್ದ. ಹಗ್ಗಕ್ಕೆ ಸಾವಿರಾರು ಕೈ. ತೇರು ಹೊರಟಿತು, ವಾಲಿತು, ವೇಗ ಹಿಡಿಯಿತು. ಆಗ ಚಕ್ರದ ಪಕ್ಕದಲ್ಲೇ ಓಡುತ್ತಿದ್ದ ನಾಲ್ಕೈದು ಜನ ಮರದ ದಿಮ್ಮಿ ಕೊಟ್ಟು ಅಷ್ಟು ದೊಡ್ಡದನ್ನು ಗಕ್ಕನೆ ನಿಲ್ಲಿಸಿದರು. ಟನ್ನಣ್ಣ ನನ್ನ ತೋಳು ಹಿಂಡಿದ. "ನೋಡಿದ್ಯಾ? ಎಳೆಯೋರು ಊರೆಲ್ಲ. ನಿಲ್ಸೋರು ನಾಲ್ಕು ಜನ!" ಅಂದವನೇ ದಿಮ್ಮಿ ಹಿಡಿದವರ ಕಡೆ ತಿರುಗಿ ಕೈ ಮುಗಿದ.

ವಾಪಸ್ಸು ಬರುವಾಗ ನಾವು ಏಳು ಜನ. ಬಿಸಿಲು ನೆತ್ತಿಗೆ ಬಂದಿತ್ತು. ಅವನ ಗಾಡಿಯ ಹಿಂದೆ ಮರಳಿನ ಮೂಟೆ ಬಿಟ್ಟರೆ ಎಲ್ಲವೂ ಖಾಲಿ. ಹತ್ತೋಣವೇ ಎಂದು ಕೇಳಿದೆ.

"ಗೂಡ್ಸ್ ಗಾಡೀಲಿ ಜನ ಕೂರಂಗಿಲ್ಲ ಕನಪ್ಪ, ಕೇಸಾಯ್ತದೆ" ಎಂದು ಟನ್ನಣ್ಣ ಮರಳನ್ನು ಹತ್ತಿಸಿಕೊಂಡು ಹೊರಟ. ನಾವು ಬಸ್ಸು ಹಿಡಿದೆವು. ಒಂದೇ ಕಾಲಿನ ಮೇಲೆ ನಿಂತಿದ್ದೆ. ಇನ್ನೊಂದು ಯಾರದೋ ಬಾಳೆಗೊನೆಯ ಮೇಲಿತ್ತು.