ಮೋಟಿಲ್ಲದ ಬೀಡಿ

ರೇಷ್ಮೆ ಇಲಾಖೆಯಲ್ಲಿದ್ದಷ್ಟು ಕಾಲವೂ ಗೂಡು ನೋಡುವುದೇ ನನ್ನ ಕೆಲಸವಾಗಿತ್ತು. ಬೆರಳ ನಡುವೆ ಅದುಮಿ ಗಟ್ಟಿಯೋ ಜೊಳ್ಳೋ ಹೇಳಬೇಕು. ಕಿವಿಯ ಹತ್ತಿರ ಅಲ್ಲಾಡಿಸಿ ಒಳಗಿನದು ಬದುಕಿದೆಯೋ ಸತ್ತಿದೆಯೋ ಹೇಳಬೇಕು. ನಿವೃತ್ತನಾದ ಮೇಲೂ ಆ ಚಾಳಿ ಹೋಗಿಲ್ಲ. ಮದುವೆಮನೆಯ ತೆಂಗಿನಕಾಯಿಯಿಂದ ಹಿಡಿದು ಮೊಮ್ಮಗಳ ಗಿಲಕಿಯವರೆಗೆ ಕೈಗೆ ಏನು ಬಂದರೂ ಮೊದಲು ಅದುಮುತ್ತೇನೆ, ಆಮೇಲೆ ಅಲ್ಲಾಡಿಸುತ್ತೇನೆ. ಹಾಗಾಗಿ ನಮ್ಮಕ್ಕನ ಮಗ ಜೇಬಿನಿಂದ ಒಂದು ಪುಟ್ಟ ಸಾಧನ ತೆಗೆದು, "ಮಾವ, ಇದು ವೇಪು. ಮತ್ತೆ ಮತ್ತೆ ತುಂಬಿಸ್ಕೋಬೋದು" ಎಂದು ನನ್ನ ಅಂಗೈಲಿಟ್ಟಾಗ ಶಾಸ್ತ್ರೋಕ್ತವಾಗಿ ಅದುಮಿದೆ. ಗಟ್ಟಿಯಾಗಿತ್ತು. ಅಲ್ಲಾಡಿಸಿದೆ. ಒಳಗೇನೋ ಬುಳುಕ್ ಎಂದಿತು. ಗೂಡಾಗಿದ್ದರೆ ಒಳಗೆ ಹುಳು ಕೊಳೆತಿದೆ ಎಂದು ಬರೆದು ಪಕ್ಕಕ್ಕೆ ಎಸೆಯುತ್ತಿದ್ದೆ. ಆದರೆ ಇದು ಗೂಡಲ್ಲ. ಆದ್ದರಿಂದ ಪೂರ್ವಗ್ರಹವಿಲ್ಲದೆ, ನಮ್ಮ ಜಿಲ್ಲೆಯ ನಾಲ್ಕು ತಾಲ್ಲೂಕುಗಳ ಅಳತೆಗೋಲಿಟ್ಟು ಇದರ ಮೌಲ್ಯಮಾಪನ ಮಾಡಿದ್ದೇನೆ.

ಮೊದಲೇ ಒಂದು ಸ್ಪಷ್ಟನೆ. ನಾನು ಹೊಗಳಲಿರುವ ಈ ವಸ್ತು, ಅಂದರೆ ಇ-ಸಿಗರೇಟು, ನಮ್ಮಲ್ಲಿ ಇಲ್ಲ. ರಾಮನಗರದಲ್ಲಿಲ್ಲ, ಚನ್ನಪಟ್ಟಣದಲ್ಲಿಲ್ಲ, ಕನಕಪುರ ಮಾಗಡಿಗಳಲ್ಲೂ ಇಲ್ಲ. ಕರ್ನಾಟಕ 2016ರಲ್ಲೇ ಇದನ್ನು ನಿಷೇಧಿಸಿತು. 2019ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಸುಗ್ರೀವಾಜ್ಞೆ ತಂದಿತು, ಅದೇ ವರ್ಷ ಕಾಯ್ದೆಯನ್ನೂ ಮಾಡಿತು. ತಯಾರಿಕೆ, ಆಮದು, ರಫ್ತು, ಸಾಗಣೆ, ಮಾರಾಟ, ಹಂಚಿಕೆ, ದಾಸ್ತಾನು, ಜಾಹೀರಾತು ಎಲ್ಲವೂ ಅಪರಾಧ. ಮಾರಿದವನಿಗೆ ಮೊದಲ ಸಲ 1 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ; ಮತ್ತೆ ಸಿಕ್ಕಿಬಿದ್ದರೆ 3 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ದಾಸ್ತಾನಿಟ್ಟವನಿಗೆ 6 ತಿಂಗಳವರೆಗೆ ಜೈಲು ಅಥವಾ 50 ಸಾವಿರದವರೆಗೆ ದಂಡ ಅಥವಾ ಎರಡೂ. ಇಷ್ಟೆಲ್ಲ ಇರುವಾಗ ಅದು ಇರುವುದಾದರೂ ಹೇಗೆ? ಆದ್ದರಿಂದ ಈ ಬರಹವನ್ನು ಯಾರೂ ಜಾಹೀರಾತೆಂದು ತಿಳಿಯಬಾರದು. ಇಲ್ಲದ್ದನ್ನು ಹೊಗಳಿದರೆ ಅದು ಜಾಹೀರಾತಲ್ಲ, ಭಕ್ತಿ.

ಇಲ್ಲದಿರುವುದೇ ಇದರ ಮೊದಲ ಗುಣ. "ಎಲ್ಲಿ ತಗೊಂಡೆಯಪ್ಪಾ?" ಎಂದೆ. "ಸಿಗುತ್ತೆ ಮಾವ" ಎಂದ. ಎಷ್ಟು ಸರಳ ವ್ಯವಹಾರ ನೋಡಿ. ರಸೀದಿಯಿಲ್ಲ, ಗ್ಯಾರಂಟಿಯಿಲ್ಲ, ಕೆಟ್ಟರೆ ದೂರು ಕೊಡುವ ತಾಪತ್ರಯವಿಲ್ಲ. ಸಿಗರೇಟಾದರೆ ಅಂಗಡಿಯವನು ಮುಖ ನೋಡಿ ವಯಸ್ಸು ಕೇಳಬೇಕು; ನಮ್ಮ ರಾಜ್ಯದ 2024ರ ತಿದ್ದುಪಡಿ ಕಾಯ್ದೆ ಅದನ್ನು 18ರಿಂದ 21ಕ್ಕೆ ಏರಿಸಿ ಅವನ ಕೆಲಸ ಇನ್ನೂ ಹೆಚ್ಚಿಸಿದೆ. ಇದಕ್ಕೆ ಅಂಗಡಿಯೇ ಇಲ್ಲದ ಮೇಲೆ ಕೇಳುವವರು ಯಾರು? ಐರೋಪ್ಯ ಒಕ್ಕೂಟದವರು ಪಾಪ, ಇದನ್ನು ಮಾರಲು ಬಿಟ್ಟು ಕಟ್ಟುಪಾಡಿನಲ್ಲಿ ಸಿಕ್ಕಿಕೊಂಡಿದ್ದಾರೆ. ಒಂದು ತುಂಬುಗೆಗೆ 2 ಮಿಲಿಲೀಟರ್ ಮೀರಬಾರದು, ರಸದ ಸೀಸೆ 10 ಮಿಲಿಲೀಟರ್ ಮೀರಬಾರದು, ಒಂದು ಮಿಲಿಲೀಟರಿನಲ್ಲಿ ನಿಕೋಟಿನ್ 20 ಮಿಲಿಗ್ರಾಂ ದಾಟಬಾರದು, ಸೀಸೆಯ ಮುಚ್ಚಳ ಮಕ್ಕಳ ಕೈಗೆ ಬಿಚ್ಚಬಾರದು. ನಮಗೆ ಈ ಕಿರಿಕಿರಿ ಇಲ್ಲ. ಅಕ್ಕನ ಮಗನ ಸೀಸೆಯ ಮೇಲೆ ಮಾವಿನಹಣ್ಣಿನ ಚಿತ್ರವಿತ್ತು, ಚೀನೀ ಅಕ್ಷರಗಳಿದ್ದವು. ಒಳಗೆ ಎಷ್ಟಿದೆ ಎಂದೆ. "ಸ್ಟ್ರಾಂಗ್ ಐತೆ ಮಾವ" ಎಂದ. ಮಿಲಿಗ್ರಾಂ ಲೆಕ್ಕಕ್ಕಿಂತ ಇದು ಅರ್ಥವಾಗುವ ಭಾಷೆ.

ಇನ್ನು ರಾಮನಗರದ ಅಳತೆಗೋಲು. ನಮ್ಮೂರಿನವರಿಗೆ ಆವಿಯ ಬಗ್ಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಗೂಡಿನ ಮಾರುಕಟ್ಟೆಯಿಂದ ಹೊರಟ ಗೂಡು ಬಿಚ್ಚಣಿಕೆ ಮನೆ ಸೇರಿ, ಕುದಿಯುವ ಬೋಗುಣಿಗೆ ಬಿದ್ದು, ಎಳೆ ಬಿಡುವವರೆಗೂ ಆವಿಯದೇ ರಾಜ್ಯ. ಆ ಆವಿಯಲ್ಲಿ ಬೆಂದ ಹುಳುವಿನ ನಾತವಿರುತ್ತದೆ. ಅದರಲ್ಲಿ ನಿಂತು ಕೆಲಸ ಮಾಡಿದವರ ಎದೆ ಕಟ್ಟಿ, ಉಬ್ಬಸ ಹತ್ತಿದ್ದನ್ನು ನಾವೆಲ್ಲ ನೋಡಿದ್ದೇವೆ. ಅಕ್ಕನ ಮಗ ಇದನ್ನೆಲ್ಲ ನೋಡಿಯೇ ಬೆಳೆದವನು. ಆದರೂ "ಇದು ಹೊಗೆ ಅಲ್ಲ ಮಾವ, ಬರೀ ಆವಿ" ಎಂದು ನೆಮ್ಮದಿಯಿಂದ ಹೇಳಿದ.

ಯಂತ್ರದ ಒಡಲನ್ನು ನೋಡಿದರೆ ಅವನ ನೆಮ್ಮದಿಗೆ ಕಾರಣ ತಿಳಿಯುತ್ತದೆ. ಕೆಳಗೆ ಲಿಥಿಯಂ ಬ್ಯಾಟರಿ. ಮೇಲೆ ರಸದ ತೊಟ್ಟಿ. ನಡುವೆ ಹತ್ತಿಯ ಬತ್ತಿ ಸುತ್ತಿದ ತಂತಿ ಸುರುಳಿ, ಅವರ ಭಾಷೆಯಲ್ಲಿ ಕಾಯಿಲ್. ಎಳೆದಾಗ ತಂತಿ ಕಾದು ಬತ್ತಿಯಲ್ಲಿನ ರಸವನ್ನು ಆವಿ ಮಾಡುತ್ತದೆ. ರಸವೆಂದರೆ ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ಪರಿಮಳ, ನಿಕೋಟಿನ್. ಬಿಸಿ ಜಾಸ್ತಿಯಾದರೆ ಫಾರ್ಮಾಲ್ಡಿಹೈಡೂ ಹುಟ್ಟುತ್ತದೆ. ಶವ ಕೆಡದಂತೆ ಕಾಪಾಡುವ ದ್ರಾವಣದ ಮೂಲವಸ್ತು ಅದೇ ಆದ್ದರಿಂದ ಇದನ್ನು ದೂರದೃಷ್ಟಿ ಎನ್ನಬೇಕು. ತಂತಿಯ ನಿಕ್ಕಲ್, ಕ್ರೋಮಿಯಂಗಳೂ ಕಣಕಣವಾಗಿ ಆವಿಯ ಜೊತೆ ಬರುವುದುಂಟು. ಪೌಷ್ಟಿಕಾಂಶದ ದೃಷ್ಟಿಯಿಂದ ಇದೂ ಒಂದು ಸೌಲಭ್ಯ. ಬಿಚ್ಚಣಿಕೆ ಮನೆಯ ಆವಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸವೆಂದರೆ ಶುಚಿತ್ವ. ಅಲ್ಲಿ ಆವಿ ಏಳುತ್ತಿದ್ದಂತೆ ನೂರಾರು ಮೀಟರ್ ಎಳೆ ರಾಟೆಗೆ ಸುತ್ತಿಕೊಳ್ಳುತ್ತದೆ, ಅದನ್ನು ಹುರಿ ಮಾಡಬೇಕು, ಬಣ್ಣ ಹಾಕಬೇಕು, ನೇಯಬೇಕು, ಸಾವಿರ ರಗಳೆ. ಇಲ್ಲಿ ಆವಿ ಎದ್ದ ಮೇಲೆ ಏನೂ ಉಳಿಯುವುದಿಲ್ಲ.

ರಾಮನಗರವೆಂದ ಮೇಲೆ ರಾಮದೇವರ ಬೆಟ್ಟವನ್ನು ಮರೆಯಬಾರದು. 1975ರಲ್ಲಿ ತೆರೆಕಂಡ 'ಶೋಲೆ'ಯ ರಾಮಗಢ ಅದೇ ಬಂಡೆಗಳ ಬುಡದಲ್ಲಿತ್ತು. ಅಲ್ಲಿ ಗಬ್ಬರ್ ಸಿಂಗ್ ಅಂಗೈಲಿ ತಂಬಾಕು ಉಜ್ಜುತ್ತ ಕೂರುತ್ತಾನೆ. ಎಂಥ ಹಿಂದುಳಿದ ಬದುಕು! ಕೈಲಿ ವೇಪು ಇದ್ದಿದ್ದರೆ ಅವನ ದರ್ಬಾರಿಗೆ ಆಧುನಿಕತೆಯ ಕಳೆ ಬರುತ್ತಿತ್ತು. ತೊಂದರೆ ಒಂದೇ: ಠಾಕೂರರ ಮನೆಯಲ್ಲೇ ಸಂಜೆಗೆ ಲಾಟೀನು ಹಚ್ಚುವ ಊರು ಅದು. ಚಾರ್ಜು ಹಾಕಿಸಲು ಗಬ್ಬರನೇ ಬೆಟ್ಟ ಇಳಿದು ಬೆಂಗಳೂರು ದಾರಿ ಹಿಡಿಯಬೇಕಾಗುತ್ತಿತ್ತು. ಅವನನ್ನು ಹಿಡಿಯಲು ಬಂದ ಜಯ್, ವೀರುಗಳ ಕೆಲಸ ಮೊದಲರ್ಧ ಗಂಟೆಯಲ್ಲೇ ಮುಗಿಯುತ್ತಿತ್ತು. ಚಟಗಾರನನ್ನು ಚಾರ್ಜರಿನ ವೈರಿನಷ್ಟು ಉದ್ದಕ್ಕೆ ಕಟ್ಟಿಹಾಕುವ ಶಕ್ತಿ ಪೊಲೀಸರಿಗಿಲ್ಲ, ಈ ಯಂತ್ರಕ್ಕಿದೆ.

ಚನ್ನಪಟ್ಟಣದ ಅಳತೆಗೋಲು ಗೊಂಬೆಯದು. ಅಲ್ಲಿನ ಕುಶಲಕರ್ಮಿ ಆಲೆ ಮರದ ತುಂಡನ್ನು ಲೇತಿಗೆ ಸಿಕ್ಕಿಸಿ, ಉಳಿ ಕೊಟ್ಟು ರೂಪ ತೆಗೆದು, ತಿರುಗುವಾಗಲೇ ಅರಗಿನ ಬಣ್ಣ ಒತ್ತಿ, ಕೇದಗೆ ಗರಿಯಿಂದ ತೀಡಿ ಹೊಳಪು ತರುತ್ತಾನೆ. ಮಗು ಗೊಂಬೆಯನ್ನು ಕೊನೆಗೆ ಬಾಯಿಗೇ ಇಡುತ್ತದೆ, ಬಾಯಿಗಿಟ್ಟರೂ ಏನೂ ಆಗಬಾರದು ಎಂಬುದು ಅವನ ಹಳೇ ಹಟ. ಅರಿಸಿನದಂಥ ಗಿಡಮೂಲದ ಬಣ್ಣಕ್ಕೆ ಬೆಲೆ ಬಂದದ್ದೂ ಅದಕ್ಕೇ. ಈ ಯಂತ್ರ ಮಾಡಿದವರು ಆ ಹಟವನ್ನು ತಿರುವಿ ಹಾಕಿದ್ದಾರೆ. ಬಾಯಿಗೆ ಇಡಲೆಂದೇ ಮಾಡಿದ್ದು, ಒಳಗಿನ ರಸವನ್ನು ಮಗು ಕುಡಿದರೆ ಆಸ್ಪತ್ರೆಗೆ ಓಡಬೇಕಾದ್ದು. ಹೊರಗೆ ಮಾತ್ರ ಗುಲಾಬಿ, ತಿಳಿನೀಲಿ, ಗಿಣಿಹಸಿರು. ರುಚಿಗಳು ಬಬಲ್ ಗಮ್, ಸ್ಟ್ರಾಬೆರಿ, ಕಾಟನ್ ಕ್ಯಾಂಡಿ. ಡಬ್ಬಿಯ ಮೇಲೆ 'ವಯಸ್ಕರಿಗೆ ಮಾತ್ರ' ಎಂದು ಬರೆದಿರುತ್ತಾರೆ. ಬೊಂಬಾಯಿ ಮಿಠಾಯಿಗೆ ಹಟ ಹಿಡಿಯುವ ವಯಸ್ಕರು ನಮ್ಮಲ್ಲಿ ಎಷ್ಟೊಂದು ಜನ ಇದ್ದಿರಬೇಕೆಂದು ನನಗೆ ಇದುವರೆಗೆ ತಿಳಿದಿರಲಿಲ್ಲ. ಅವರೆಲ್ಲರ ಬಹುದಿನದ ಕೊರತೆ ನೀಗಿತು.

ಮಾಗಡಿ ಕೆಂಪೇಗೌಡರ ನಾಡು. ಅವರ ಕಾಲದಲ್ಲಿ ತುಂಬಿಸುವುದು ಎಂದರೆ ಕೆರೆ ತುಂಬಿಸುವುದು. ಕಟ್ಟೆ ಹಾಕಬೇಕು, ತೂಬು ಇಡಬೇಕು, ಮಳೆಗೆ ಕಾಯಬೇಕು, ತುಂಬಿದರೆ ಊರೆಲ್ಲ ಹೋಗಿ ಬಾಗಿನ ಬಿಡಬೇಕು. ಅಕ್ಕನ ಮಗನ ಟ್ಯಾಂಕು ಬೆರಳ ತುದಿಯಷ್ಟು. ರಬ್ಬರು ಮುಚ್ಚಳ ಎಬ್ಬಿಸಿ ನಾಲ್ಕು ಹನಿ ಬಿಟ್ಟರೆ ತುಂಬಿ ಕೋಡಿ ಹರಿಯುತ್ತದೆ, ಸಾಮಾನ್ಯವಾಗಿ ಪ್ಯಾಂಟಿನ ಜೇಬಿನೊಳಕ್ಕೆ. ಹೊಸ ಕಾಯಿಲ್ ಹಾಕಿದ ದಿನ ಬತ್ತಿ ನೆನೆಯಲು ಐದತ್ತು ನಿಮಿಷ ಕಾಯಬೇಕು. ಅವಸರಪಟ್ಟರೆ ಹತ್ತಿ ಸುಟ್ಟು ಬಾಯೆಲ್ಲ ಕಮಟು. ಆ ಹತ್ತು ನಿಮಿಷ ಅವನು ಅದನ್ನೇ ದಿಟ್ಟಿಸುತ್ತ ಕೂತಿದ್ದನ್ನು ನೋಡಿದೆ. ಸೋಮೇಶ್ವರನ ಗುಡಿಯಲ್ಲಿ ಎರಡು ನಿಮಿಷ ಕೂರದ ಹುಡುಗ! ಇಷ್ಟು ಏಕಾಗ್ರತೆಯನ್ನು ನಮ್ಮ ಶಾಲೆಗಳು ಕಲಿಸಲಿಲ್ಲ.

ಮಾಗಡಿ ಸೀಮೆಯಲ್ಲಿ 'ಕುರುಕ್ಷೇತ್ರ' ನಾಟಕ ನೋಡಿದವರಿಗೆ ಈ ಆವಿಯ ಇನ್ನೊಂದು ಗುಣವೂ ತಿಳಿಯುತ್ತದೆ. ಕೃಷ್ಣ ಪ್ರವೇಶಿಸುವಾಗ ರಂಗದ ಪಕ್ಕದಿಂದ ಬುಸ್ಸೆಂದು ಬಿಳಿ ಮೋಡ ಬರುತ್ತದಲ್ಲ, ಅಂಥ ಯಂತ್ರಗಳಿಗೂ ಇದೇ ಗ್ಲೈಕಾಲ್ ಜಾತಿಯ ದ್ರವವನ್ನೇ ಹಾಕುತ್ತಾರೆ. ಇಷ್ಟು ದಿನ ಆ ಮರ್ಯಾದೆ ವರ್ಷಕ್ಕೊಮ್ಮೆ ಕೃಷ್ಣನ ಪಾತ್ರಧಾರಿಗೆ ಮಾತ್ರ ಸಿಗುತ್ತಿತ್ತು, ಅದೂ ಹಾರ್ಮೋನಿಯಂ ಮೇಷ್ಟ್ರ ಬಳಿ ತಿಂಗಳುಗಟ್ಟಲೆ ಕಂದಪದ್ಯ ಕಲಿತ ಮೇಲೆ. ಈಗ ಬಸ್ ಸ್ಟ್ಯಾಂಡಿನ ಹಿಂದಿನ ಸಂದಿಯಿಂದ ಯಾರು ಬೇಕಾದರೂ ಮೋಡದ ಸಮೇತ ಪ್ರವೇಶಿಸಬಹುದು. ಸಾವನದುರ್ಗದ ನೆತ್ತಿಯಲ್ಲಿ ಚಳಿಗಾಲದ ಬೆಳಗ್ಗೆ ಇದಕ್ಕಿಂತ ದೊಡ್ಡ ಮೋಡಗಳು ಬಿಟ್ಟಿಯಾಗಿ ಬಂದು ಮುಖ ಸವರಿ ಹೋಗುತ್ತವೆ ನಿಜ. ಆದರೆ ಅದಕ್ಕೆ ಬಂಡೆ ಹತ್ತಬೇಕು, ಹತ್ತಲು ಉಸಿರು ಬೇಕು.

ಈ ಯಂತ್ರದ ವಿರೋಧಿಗಳಿಗೂ ಒಂದು ಮಾತು ಹೇಳಬೇಕು. ಈಗಿನ ರೂಪದ ಇ-ಸಿಗರೇಟನ್ನು 2003ರ ಸುಮಾರಿಗೆ ಚೀನಾದಲ್ಲಿ ಮಾಡಿದ ಹಾನ್ ಲಿಕ್ ಔಷಧ ಶಾಸ್ತ್ರಜ್ಞ, ತಾನೇ ವಿಪರೀತ ಸಿಗರೇಟು ಸೇದುತ್ತಿದ್ದವನು, ಬಿಡಲು ದಾರಿ ಹುಡುಕುತ್ತಿದ್ದವನು. ಬ್ರಿಟನ್ನಿನ ಆರೋಗ್ಯ ಇಲಾಖೆ ಈಗಲೂ ಸಿಗರೇಟು ಬಿಡುವವರಿಗೆ ಇದೊಂದು ಮೆಟ್ಟಿಲೆಂದು ಹೇಳುತ್ತದೆ. ಅಕ್ಕನ ಮಗನೂ ಇದೇ ವಾದ ಮಾಡಿದ: "ಸಿಗರೇಟು ಬಿಡಕ್ಕೆ ಅಂತ್ಲೇ ಇದು ಮಾವ." ಅವನು ಹುಟ್ಟಿದಾರಭ್ಯ ಸಿಗರೇಟು ಮುಟ್ಟಿದವನಲ್ಲ. ಹತ್ತದ ಚಟವನ್ನೇ ಇಷ್ಟು ಪರಿಣಾಮಕಾರಿಯಾಗಿ ಬಿಡಿಸುವುದಾದರೆ, ಹತ್ತಿದ ಚಟದ ಮಾತೇನು?

ಇಲ್ಲಿಗೆ ಇದರ ಶ್ರೇಷ್ಠ ಗುಣಕ್ಕೆ ಬಂದೆವು. ನಮ್ಮ ಭಾವ ಬೀಡಿ ಸೇದುತ್ತಿದ್ದರು. ಬೀಡಿಗೆ ಒಂದು ದೋಷವಿದೆ: ಅದು ಮುಗಿಯುತ್ತದೆ. ಸೇದಿ ಸೇದಿ ಬೆರಳು ಚುರ್ ಎಂದಾಗ ಬಿಸಾಡಲೇಬೇಕು. ಕಾಸಿಲ್ಲದ ದಿನ ಅವರು ಮೋಟುಬೀಡಿಯನ್ನು ಕಿವಿ ಸಂದಿಗೆ ಸಿಕ್ಕಿಸಿಕೊಂಡು ಸಂಜೆಗೆ ಉಳಿಸುತ್ತಿದ್ದರು. ಆದರೂ ಮೋಟು ಮೋಟೇ. ಕಟ್ಟಿನಲ್ಲಿ ಎಷ್ಟು ಉಳಿದಿವೆ ಎಂದು ನಮ್ಮಕ್ಕ ಎಣಿಸಬಹುದಿತ್ತು, ಎಣಿಸಿ ಜಗಳ ತೆಗೆಯಬಹುದಿತ್ತು. ಮತ್ತೆ ಮತ್ತೆ ತುಂಬುವ ಈ ಯಂತ್ರಕ್ಕೆ ಮೋಟಿಲ್ಲ. ಎಲ್ಲಿ ಶುರು, ಎಲ್ಲಿ ಕೊನೆ ಎಂಬ ಗೆರೆಯಿಲ್ಲ. ಎರಡು ಎಳೆದು ಜೇಬಿಗೆ, ಮತ್ತೆರಡು ಎಳೆದು ದಿಂಬಿನಡಿಗೆ. ರಸ ಮುಗಿದರೆ ಸೀಸೆ, ಚಾರ್ಜು ಮುಗಿದರೆ ವೈರು, ಕಾಯಿಲ್ ಸುಟ್ಟರೆ ಇನ್ನೊಂದು ಕಾಯಿಲ್. ಎಣಿಸಲು ಏನೂ ಇಲ್ಲದ್ದರಿಂದ ಮನೆಯಲ್ಲಿ ಜಗಳವೂ ಇಲ್ಲ. ಸಂಸಾರ ಸುಖಮಯ.

ಇನ್ನು ಕನಕಪುರದ ಅಳತೆಗೋಲೊಂದೇ ಬಾಕಿ. ಆ ಪರೀಕ್ಷೆ ನಡೆದದ್ದು ಕನಕಪುರ ತಾಲ್ಲೂಕಿನ ನಮ್ಮಕ್ಕನ ಹುಳುಮನೆಯ ಬಾಗಿಲಲ್ಲಿ. ನಾಲ್ಕನೇ ಜ್ವರ ಎದ್ದು, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟು, ವಾರ ಕಳೆದ ಹುಳು ಅಂದು ಹಣ್ಣಾಗಿತ್ತು, ಗೂಡು ಕಟ್ಟುವ ಚಂದ್ರಿಕೆಗೆ ಬಿಡಲು ಕೈ ಸಾಲದೆ ಬಿಡದಿಯ ಕಾರ್ಖಾನೆಗೆ ರಜೆ ಹಾಕಿಸಿ ಮಗನನ್ನು ಕರೆಸಿದ್ದಳು. ಅವನು ಹೊಸ್ತಿಲಿಗೆ ಕಾಲಿಡುವಷ್ಟರಲ್ಲಿ ಅಕ್ಕ ಮೂಗು ಅರಳಿಸಿದಳು.

"ಏನ್ಲಾ ಅದು, ಮಾವಿನಣ್ಣಿನ ವಾಸ್ನೆ?"

ಮನೆ ಹಿಂದೆ ರಸಪುರಿ ಮರ ಇಟ್ಟುಕೊಂಡವಳಿಗೆ ಯಾವುದು ಹಣ್ಣಿನ ವಾಸನೆ, ಯಾವುದು ಸೀಸೆಯ ವಾಸನೆ ಎಂಬುದು ಗೊತ್ತು. ಜೇಬಿನಿಂದ ತೆಗೆಸಿದಳು, ನೋಡಿದಳು.

"ಹೊಗೆಸೊಪ್ಪಿನ ಸಾಮಾನು. ಆಚೆ ಜಗಲಿ ಮೇಲೆ ಮಡಗಿ, ಕೈಕಾಲು ತೊಳ್ಕೊಂಡು ಬಾ. ಹುಳ ಸಾಯ್ತವೆ."

"ಅವ್ವ, ಇದು ಹೊಗೆಸೊಪ್ಪಲ್ಲ ಕಣವ್ವ, ಬರೀ ಆವಿ."

"ಅದನ್ನ ಹುಳಗೊಳ್ಗೆ ಹೇಳು ಹೋಗು."

ಇಲಾಖೆಯ ಮನುಷ್ಯನಾಗಿ ನಾನು ಅಕ್ಕನ ಪರ ನಿಲ್ಲಬೇಕಾಯಿತು. ಹೊಗೆಸೊಪ್ಪಿನ ಹೊಲದ ಪಕ್ಕ ಹಿಪ್ಪುನೇರಳೆ ಹಾಕಬೇಡಿ, ಬೀಡಿ ಸೇದಿದ ಕೈಯಲ್ಲಿ ಸೊಪ್ಪು ಹಾಕಬೇಡಿ ಎಂದು ಊರೂರು ತಿರುಗಿ ಹೇಳಿದವನೇ ನಾನು. ಎಲೆಯ ಮೇಲೆ ನಿಕೋಟಿನ್ ಸೋಂಕಿದರೂ ಹುಳು ಮೇಯುವುದು ಬಿಟ್ಟು, ತಲೆ ಎತ್ತಿ, ಬಾಯಲ್ಲಿ ನೀರು ಕಕ್ಕಿ ಸಾಯುತ್ತದೆ. ಕನಕಪುರದ ಈ ಪರೀಕ್ಷೆಯಲ್ಲಿ ಯಂತ್ರ ಪಾಸಾಗಲಿಲ್ಲ ಎಂದು ವಿಷಾದದಿಂದ ದಾಖಲಿಸುತ್ತೇನೆ. ಆದರೆ ದೋಷ ಯಂತ್ರದ್ದಲ್ಲ, ಹುಳುವಿನದು. ಅದಕ್ಕೆ ನವೀನ ಸೌಲಭ್ಯಗಳ ಪರಿಚಯವಿಲ್ಲ. ಇನ್ನೂ ಒಂದು ನ್ಯೂನತೆ ಅದರಲ್ಲಿದೆ: ಮರುತುಂಬುವ ವ್ಯವಸ್ಥೆಯೇ ಇಲ್ಲ. ಇಪ್ಪತ್ತೈದು ದಿನದ ಆಸುಪಾಸು ಹಗಲೂ ರಾತ್ರಿ ಮೇಯುತ್ತದೆ, ಮಳೆ ಸುರಿದಂತೆ ಸದ್ದು ಮಾಡಿಕೊಂಡು. ಒಂದು ದಿನ ಹಣ್ಣಾಗುತ್ತದೆ. ಅಂದಿನಿಂದ ಎಂಥ ಎಳೇ ಸೊಪ್ಪು ಮುಂದಿಟ್ಟರೂ ಮೂಸಿ ನೋಡುವುದಿಲ್ಲ. ಸಾಕು ಎಂದರೆ ಸಾಕು. ಮೇಲೆ ಹತ್ತಿ, ಮೂಲೆ ಹಿಡಿದು, ಒಳಗಿದ್ದುದನ್ನು ಎಳೆಯಾಗಿ ಹೊರಗೆ ಕೊಡಲು ಶುರುಮಾಡುತ್ತದೆ. ವ್ಯಾಪಾರದ ದೃಷ್ಟಿಯಿಂದ ಇಷ್ಟು ಕೆಟ್ಟ ಗಿರಾಕಿ ಇನ್ನೊಂದಿಲ್ಲ.

ಅಕ್ಕನ ಮಗ ಹಾಗಲ್ಲ. ಚಂದ್ರಿಕೆಗಳು ತುಂಬುವಷ್ಟರಲ್ಲಿ ಅವನ ಕೈ ಖಾಲಿ ಜೇಬಿಗೆ ಎಷ್ಟು ಸಲ ಹೋಯಿತೋ ಲೆಕ್ಕವಿಲ್ಲ. ಜಗಲಿಗೆ ಮಾತ್ರ ಆರು ಸಲ ಹೋಗಿಬಂದ. ಆರೂ ಸಲ ಅವ್ವನ ಕಣ್ಣೆದುರು ಸೋಪು ಹಾಕಿ ಮೊಣಕೈವರೆಗೆ ತೊಳೆದುಕೊಂಡೇ ಒಳಗೆ ಬಂದ. ಇಷ್ಟು ಶುಚಿತ್ವವನ್ನು ನಮ್ಮ ಭಾವನಿಗೆ ಬೀಡಿ ಕಲಿಸಿರಲಿಲ್ಲ.