ಗಟ್ಟಿ ಆಯಿಲ್ಲಿನ ಗೀಳು

ಫ್ರೀ ಸರ್ವಿಸ್ಸುಗಳೆಲ್ಲ ಮುಗಿದು, ವಾರಂಟಿಯೂ ತೀರಿ, ಕಾರು ಪೂರ್ತಿಯಾಗಿ ತನ್ನ ತಲೆಗೇ ಬೀಳುವ ದಿನ ಪ್ರತಿಯೊಬ್ಬ ಮಾಲೀಕನಿಗೂ ಬಂದೇ ಬರುತ್ತದೆ. ಅಲ್ಲಿಯವರೆಗೆ ಬಾನೆಟ್ಟಿನೊಳಗೆ ಏನು ಸುರಿಯುತ್ತಾರೆ ಎಂದು ಆತ ಕೇಳಿದವನಲ್ಲ. ಬಿಲ್ಲಿನ ಕೊನೆಯ ಸಾಲು ನೋಡಿ, ಎದೆ ಹಿಡಿದುಕೊಂಡು, ಕಾರ್ಡು ಉಜ್ಜಿ ಬಂದವನು. ಈಗ ಯಾರೋ ಹಿತೈಷಿಗಳು ಕಿವಿ ಊದಿರುತ್ತಾರೆ: 'ಶೋರೂಮಿಗೆ ಯಾಕ್ರೀ ದಂಡ ತೆರ್ತೀರಿ? ಆಯಿಲ್ ನೀವೇ ತಗೊಂಡುಹೋಗಿ ಪರಿಚಯದ ಗ್ಯಾರೇಜಲ್ಲಿ ಹಾಕಿಸ್ಕೊಳ್ಳಿ, ದುಡ್ಡು ಉಳಿಯುತ್ತೆ.' ಸರಿ, ಶನಿವಾರ ಬೆಳಿಗ್ಗೆ ಬೆಂಗಳೂರಿನ ಜೆ.ಸಿ. ರಸ್ತೆಯ ಸ್ಪೇರ್ ಪಾರ್ಟ್ಸ್ ಅಂಗಡಿಯೊಂದರ ಮುಂದೆ ನಿಂತು 'ಒಂದು ಡಬ್ಬ ಇಂಜಿನ್ ಆಯಿಲ್ ಕೊಡಿ' ಎನ್ನುತ್ತಾನೆ. ಕೌಂಟರಿನ ಹುಡುಗ ಮೊಬೈಲಿನಿಂದ ಕಣ್ಣೆತ್ತದೆ ಕೇಳುತ್ತಾನೆ: 'ಯಾವ ಗ್ರೇಡು?'

ಅಲ್ಲಿಗೆ ಉಳಿತಾಯದ ಉತ್ಸಾಹ ಅರ್ಧ ಇಳಿಯುತ್ತದೆ.

ಹುಡುಗನ ಬೆನ್ನ ಹಿಂದಿನ ಕಪಾಟಿನಲ್ಲಿ 0ಡಬ್ಲ್ಯೂ-20, 5ಡಬ್ಲ್ಯೂ-30, 10ಡಬ್ಲ್ಯೂ-40, 15ಡಬ್ಲ್ಯೂ-40, 20ಡಬ್ಲ್ಯೂ-50 ಎಂದು ಸಾಲಾಗಿ ಡಬ್ಬಗಳು. ಸಂಖ್ಯೆ ದೊಡ್ಡದಾದಷ್ಟೂ ಮಾಲು ಒಳ್ಳೆಯದು ಎಂದು ನಂಬಿ ಬೆಳೆದ ಜನ ನಾವು. ಪರೀಕ್ಷೆಯ ಅಂಕದಿಂದ ಮೊಬೈಲಿನ ಕ್ಯಾಮೆರಾದವರೆಗೆ ಅದೇ ಲೆಕ್ಕ. ಹಾಗಾಗಿ ಕೈ ತಾನಾಗಿಯೇ 20-50ರ ಕಡೆ ಹೋಗುತ್ತದೆ. ನಡುವಿನ ಡಬ್ಲ್ಯೂ ಬಗ್ಗೆಯಂತೂ ಅಂಗಡಿಯ ಮುಂದೆ ನಿಂತವರಲ್ಲೇ ಮೂರು ಪಂಗಡ: ಅದು ವ್ಯಾಟ್ ಎನ್ನುವವರು, ವೆಯ್ಟ್ ಎನ್ನುವವರು, ಮತ್ತು ಏನೂ ಹೇಳದೆ ತಿಳಿದವರಂತೆ ತಲೆಯಾಡಿಸುವವರು. ಅಸಲಿಗೆ ಅದು ವಿಂಟರ್, ಅಂದರೆ ಚಳಿಗಾಲ. ಅಮೆರಿಕದ ವಾಹನ ಎಂಜಿನಿಯರುಗಳ ಸಂಘ ಎಸ್‌ಎಇ 1911ರಲ್ಲೇ ಎಣ್ಣೆಗಳನ್ನು ಗಟ್ಟಿತನದ ಮೇಲೆ ವಿಂಗಡಿಸಲು ಶುರುಮಾಡಿತು. ಇವತ್ತು ಅದರ ಜೆ300 ಎಂಬ ಕೋಷ್ಟಕವೇ ಜಗತ್ತಿನ ಎಲ್ಲ ಡಬ್ಬಗಳ ಹಣೆಬರಹ. ಅದರ ಪ್ರಕಾರ ಡಬ್ಲ್ಯೂಗೆ ಮುಂಚಿನ ಅಂಕಿ ಚಳಿಯ ನಡತೆ ಹೇಳುತ್ತದೆ, ಆಮೇಲಿನದು 100 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿನ ನಡತೆ. 5ಡಬ್ಲ್ಯೂ ಎನಿಸಿಕೊಳ್ಳುವ ಎಣ್ಣೆ ಮೈನಸ್ 30 ಡಿಗ್ರಿಯಲ್ಲೂ ಸ್ಟಾರ್ಟರ್ ಮೋಟಾರು ಇಂಜಿನ್ ತಿರುಗಿಸುವುದಕ್ಕೆ ಅಡ್ಡಬರದಷ್ಟು ತೆಳುವಾಗಿರಬೇಕು. 15ಡಬ್ಲ್ಯೂಗೆ ಇದೇ ಪರೀಕ್ಷೆ ಮೈನಸ್ 20ರಲ್ಲಿ, 20ಡಬ್ಲ್ಯೂಗೆ ಮೈನಸ್ 15ರಲ್ಲಿ.

ಇಷ್ಟು ತಿಳಿದ ಕೂಡಲೇ ನಮ್ಮವನ ಮುಖ ಅರಳುತ್ತದೆ. ಬೆಂಗಳೂರಿನಲ್ಲಿ ಮೈನಸ್ ಎಲ್ಲಿಂದ ಬರಬೇಕು? ಈ ಊರಿನ ದಾಖಲೆಯ ಚಳಿಯೇ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಜರ್ಮನಿಯ ಕಾರ್ಲ್ ಬೆಂಜ್ ತನ್ನ ಮೋಟಾರು ಗಾಡಿಗೆ ಪೇಟೆಂಟ್ ಅರ್ಜಿ ಹಾಕಿದ್ದು 1886ರಲ್ಲಿ. ಅಂದರೆ ಬೆಂಗಳೂರಿನ ಅತಿ ದೊಡ್ಡ ಚಳಿಯಲ್ಲಿ ನಡುಗಲು ಲೋಕದಲ್ಲಿ ಇನ್ನೂ ಕಾರೇ ಇರಲಿಲ್ಲ. ಹಾಗಿದ್ದ ಮೇಲೆ ಡಬ್ಲ್ಯೂ ಕೆನಡಾದ ಎಡ್ಮಂಟನ್ನಿನ ಕನ್ನಡಿಗರ ತಲೆನೋವು. ಅಲ್ಲಿ ಮೈನಸ್ 30 ಕಥೆಯಲ್ಲ. ರಾತ್ರಿ ಇಂಜಿನ್ನಿಗೇ ಹೀಟರ್ ಸಿಕ್ಕಿಸಿ, ಅದರ ವೈರನ್ನು ಗೋಡೆಯ ಪ್ಲಗ್ಗಿಗೆ ಚುಚ್ಚಿ ಮಲಗುತ್ತಾರೆ. ನಮಗೇಕೆ ಅದರ ಉಸಾಬರಿ?

ತರ್ಕ ಚೆನ್ನಾಗಿದೆ. ಆದರೆ ಚಳಿ ಯಾವುದು, ಸೆಕೆ ಯಾವುದು ಎಂದು ತೀರ್ಮಾನಿಸುವುದು ಸ್ವೆಟರ್ ಹಾಕಿಕೊಂಡವರಲ್ಲ, ಇಂಜಿನ್. ಅದಕ್ಕೆ ಹಿತವೆನಿಸುವ ಬಿಸಿ ಹೆಚ್ಚುಕಡಿಮೆ 100 ಡಿಗ್ರಿ. ಅದರ ದೃಷ್ಟಿಯಲ್ಲಿ ಏಪ್ರಿಲ್ಲಿನ ರಾಯಚೂರಿನ ನಡುಮಧ್ಯಾಹ್ನವೂ ಮಾಗಿಯೇ. ಲೆಕ್ಕ ಹೀಗಿದೆ: ಸಾಮಾನ್ಯ 5ಡಬ್ಲ್ಯೂ-30 ಎಣ್ಣೆಯ ಸ್ನಿಗ್ಧತೆ 100 ಡಿಗ್ರಿಯಲ್ಲಿ 10-11 ಸೆಂಟಿಸ್ಟೋಕ್. ಅದೇ ಎಣ್ಣೆ 40 ಡಿಗ್ರಿಯಲ್ಲಿ 60ರಿಂದ 70. ನೀರಿನದು, ಹೋಲಿಸಿ ನೋಡುವವರಿಗೆ, ಒಂದು. ಗಟ್ಟಿಗರ ಇಷ್ಟದೇವತೆಯಾದ 20ಡಬ್ಲ್ಯೂ-50, 40 ಡಿಗ್ರಿಯಲ್ಲಿ 150 ದಾಟಿ ಕುಳಿತಿರುತ್ತದೆ. 100 ಡಿಗ್ರಿ ಮುಟ್ಟುವಾಗ ಅದೂ 18ರ ಆಸುಪಾಸಿಗೆ ಇಳಿಯುತ್ತದೆ. ಎಂದರೆ 'ನೀರಿನ ಥರ ಇದೆ' ಎಂದು ಬೈಸಿಕೊಳ್ಳುವ 5-30 ತಣ್ಣಗೆ ಡಬ್ಬದಲ್ಲಿರುವಾಗ, ಕಾದ ಇಂಜಿನ್ನಿನೊಳಗಿನ 20-50ಕ್ಕಿಂತ ಮೂರು ಪಟ್ಟಿಗೂ ಹೆಚ್ಚು ಗಟ್ಟಿ. ಇಂಜಿನ್ ಕಾಯುವವರೆಗೆ ಜಗತ್ತಿನ ಯಾವ ಆಯಿಲ್ಲೂ ತೆಳುವಲ್ಲ. ಎಲ್ಲವೂ ಗಟ್ಟಿಯೇ, ಕೆಲವು ವಿಪರೀತ ಗಟ್ಟಿ, ಅಷ್ಟೇ.

ಈ ಲೆಕ್ಕವನ್ನು ಗ್ಯಾರೇಜಿನಲ್ಲಿ ಹೇಳಿ ಗೆದ್ದವರಿಲ್ಲ. ಅಲ್ಲಿ ಪರೀಕ್ಷೆಯ ಕ್ರಮವೇ ಬೇರೆ. ಮೆಕ್ಯಾನಿಕ್ ಡಿಪ್‌ಸ್ಟಿಕ್ ಎಳೆಯುತ್ತಾನೆ. ಹೆಗಲ ಮೇಲಿನ ವೇಸ್ಟ್ ಬಟ್ಟೆಯಿಂದ ಒರೆಸಿ, ಮತ್ತೆ ಇಳಿಬಿಟ್ಟು, ಮತ್ತೆ ಎಳೆಯುತ್ತಾನೆ. ತುದಿಯ ಹನಿಯನ್ನು ಹೆಬ್ಬೆರಳು-ತೋರುಬೆರಳ ನಡುವೆ ತಗೊಂಡು ಉಜ್ಜುತ್ತಾನೆ, ಬೆರಳು ಬಿಡಿಸಿ ಎಳೆ ಎಷ್ಟುದ್ದ ಬರುತ್ತದೆ ನೋಡುತ್ತಾನೆ, ಒಮ್ಮೆ ಮೂಸುತ್ತಾನೆ. ಮಾಲೀಕ ಉಸಿರು ಹಿಡಿದು ನಿಂತಿರುತ್ತಾನೆ. ಆಮೇಲೆ ತೀರ್ಪು: 'ಏನೂ ಇಲ್ಲ ಸಾರ್, ಪೂರ್ತಿ ನೀರಾಗೋಗಿದೆ. ಗಾಡಿ ಎಂಬತ್ ಸಾವ್ರ ಓಡಿದೆಯಲ್ಲ? ಇಪ್ಪತ್-ಐವತ್ ಹಾಕ್ಬಿಡಣ, ಬೆಣ್ಣೆ ಥರ ಓಡುತ್ತೆ.' ಮೂಸುವುದರಲ್ಲಿ ಹುರುಳಿದೆ. ಆಯಿಲ್ಲಿಗೆ ಪೆಟ್ರೋಲ್ ಬೆರೆತಿದ್ದರೆ ಮೂಗಿಗೆ ಗೊತ್ತಾಗುತ್ತದೆ. ಆದರೆ ಬೆರಳಿನ ಬಿಸಿ 35 ಡಿಗ್ರಿ ಮೀರುವುದಿಲ್ಲ. 100 ಡಿಗ್ರಿಯ ನಡತೆಯನ್ನು ಹೆಬ್ಬೆರಳಲ್ಲಿ ಅಳೆಯಬೇಕಾದರೆ ಮೊದಲು ಹೆಬ್ಬೆರಳನ್ನು ಕುದಿಯುವ ನೀರಿಗೆ ಅದ್ದಬೇಕು, ಅಂಥ ತ್ಯಾಗಕ್ಕೆ ಯಾವ ಗ್ಯಾರೇಜೂ ಇನ್ನೂ ಸಿದ್ಧವಾಗಿಲ್ಲ.

ಆಯಿಲ್ ಕಪ್ಪಾಗಿದೆ ಎಂಬ ದೂರೂ ಹಾಗೆಯೇ. ಡೀಸೆಲ್ ಇಂಜಿನ್ನಿಗೆ ಹಾಕಿದ ಹೊಸ ಆಯಿಲ್ ಮಾಲೀಕ ಮನೆ ಮುಟ್ಟುವುದರೊಳಗೆ ಕಪ್ಪಾಗಬಲ್ಲದು. ಮಸಿಯನ್ನು ಗೋಡೆಗೆ ಮೆತ್ತಿಕೊಳ್ಳಲು ಬಿಡದೆ ತನ್ನ ಮೈಮೇಲೆ ಹೊತ್ತು ತಿರುಗುವುದು ಅದರೊಳಗಿನ ಡಿಟರ್ಜೆಂಟುಗಳ ಕೆಲಸ. ಕೆಲಸ ಮಾಡಿದ ಆಳಿನ ಬಟ್ಟೆ ಕೊಳೆಯಾಯಿತೆಂದು ಸಂಬಳ ಹಿಡಿಯುವ ಯಜಮಾನರು ನಾವು.

ಗಟ್ಟಿಯ ಮೋಹಕ್ಕೆ ನಿಜವಾದ ಬೇರು ಅಡುಗೆಮನೆಯಲ್ಲಿರಬೇಕು. ಗಟ್ಟಿ ಹಾಲು, ಗಟ್ಟಿ ಮೊಸರು, ಗಟ್ಟಿ ಚಟ್ನಿ. ಸಾರು ತೆಳುವಾದರೆ ಆ ಮನೆಯ ಮರ್ಯಾದೆಯೇ ತೆಳುವಾದಂತೆ. ಅಂಥ ನಾಲಿಗೆಯಿಟ್ಟುಕೊಂಡು, ಸಾವಿರಗಟ್ಟಲೆ ತೆತ್ತು, ಸೋರುವಂಥ 0ಡಬ್ಲ್ಯೂ-20 ಕೊಳ್ಳುವುದು ಹೇಗೆ ಮನಸ್ಸಿಗೆ ಒಗ್ಗೀತು? ಅಂಬಾಸಿಡರ್, ಪದ್ಮಿನಿಗಳ ಕಾಲದ ಗ್ಯಾರೇಜಿನಲ್ಲಿ ನಡೆಯುತ್ತಿದ್ದದ್ದು 20ಡಬ್ಲ್ಯೂ-40. ಆ ಇಂಜಿನ್ನುಗಳ ಸಂದುಗೊಂದುಗಳು ಧಾರಾಳ, ಎಣ್ಣೆಯೂ ಧಾರಾಳ. ಅವುಗಳಲ್ಲಿ ಕೈ ಪಳಗಿಸಿಕೊಂಡವರೇ ಇಂದಿನ ಮೆಕ್ಯಾನಿಕ್ಕುಗಳಿಗೆ ಗುರುಗಳು.

ಈಗಿನ ಇಂಜಿನ್ನಿನಲ್ಲಿ ಕ್ರ್ಯಾಂಕ್‌ಶಾಫ್ಟಿಗೂ ಅದರ ಬೇರಿಂಗಿಗೂ ನಡುವಿನ ಸಂದು ತಲೆಗೂದಲಿನಷ್ಟೂ ಇರುವುದಿಲ್ಲ. ಶಾಫ್ಟು ತಿರುಗುವಾಗ ಆ ಸಂದಿಗೆ ಎಣ್ಣೆಯನ್ನು ತಾನೇ ಎಳೆದುಕೊಂಡು ಅದರ ಮೇಲೆ ತೇಲುತ್ತದೆ. ಲೋಹ ಲೋಹವನ್ನು ಮುಟ್ಟುವುದಿಲ್ಲ. ತೀರಾ ತೆಳುವಾದರೆ ಆ ಎಣ್ಣೆಯ ಪದರ ಒಡೆಯುತ್ತದೆ. ತೀರಾ ಗಟ್ಟಿಯಾದರೆ ಎಣ್ಣೆಯನ್ನು ನೂಕುವುದಕ್ಕೇ ಇಂಜಿನ್ನಿನ ಶಕ್ತಿ, ನಮ್ಮ ಪೆಟ್ರೋಲು, ಎರಡೂ ಖರ್ಚು. ಬೆಳಿಗ್ಗೆ ಕೀಲಿ ತಿರುಗಿಸಿದಾಗ ಮೇಲಿನ ಕ್ಯಾಮ್‌ಶಾಫ್ಟಿಗೆ ಎಣ್ಣೆ ತಲುಪುವುದೂ ತಡ. ಇನ್ನೊಂದು ಕುಚೋದ್ಯ ಆಯಿಲ್ ಫಿಲ್ಟರಿನದು: ತಣ್ಣನೆಯ ಗಟ್ಟಿ ಎಣ್ಣೆ ಜಾಳಿಗೆಯಲ್ಲಿ ನುಗ್ಗಲಾರದೆ ಒತ್ತಡ ಹೆಚ್ಚಿದಾಗ, ಒಳಗಿನ ಪುಟ್ಟ ಬೈಪಾಸ್ ವಾಲ್ವು ತೆರೆದುಕೊಂಡು ಎಣ್ಣೆಯನ್ನು ಸೋಸದೆಯೇ ಮುಂದಕ್ಕೆ ಬಿಡುತ್ತದೆ. ಇಂಜಿನ್ನಿಗೆ ಒಳ್ಳೆಯದಾಗಲಿ ಎಂದು ದಪ್ಪ ಎಣ್ಣೆ ಹಾಕಿಸಿದವನು ಹೊಸ ಫಿಲ್ಟರಿಗೂ ದುಡ್ಡು ಕೊಟ್ಟು, ಬೆಳಿಗ್ಗೆ ಬೆಳಿಗ್ಗೆ ಅದಕ್ಕೆ ರಜೆ ಕೊಟ್ಟಂತಾಯಿತು. ವಾಲ್ವುಗಳ ಸಮಯವನ್ನು ಹಿಂದುಮುಂದು ಮಾಡುವ ವಿವಿಟಿ ಇದ್ದರಂತೂ ಅದು ಆಡುವುದೇ ಎಣ್ಣೆಯ ಒತ್ತಡದಿಂದ. ಫಾರ್ಮುಲಾ ಒನ್ ಕಾರುಗಳ ಸಂದುಗಳು ಎಷ್ಟು ಬಿಗಿಯೆಂದರೆ, ಎಣ್ಣೆ ಮತ್ತು ಕೂಲೆಂಟನ್ನು ಹೊರಗಿನಿಂದ ಬಿಸಿಮಾಡಿ ಹಾಯಿಸದೆ ಅವನ್ನು ಸ್ಟಾರ್ಟ್ ಮಾಡುವುದೇ ಇಲ್ಲ.

ಗಟ್ಟಿತನದ ಪರಾಕಾಷ್ಠೆ ನೋಡಬೇಕೆಂದವರು ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡ್ ವಿಶ್ವವಿದ್ಯಾಲಯಕ್ಕೆ ಹೋಗಬೇಕು. ಥಾಮಸ್ ಪಾರ್ನೆಲ್ ಎಂಬ ಪ್ರೊಫೆಸರು 1927ರಲ್ಲಿ ಒಂದು ಗಾಜಿನ ಲಾಳಿಕೆಗೆ ಡಾಂಬರಿನಂಥ ಪಿಚ್ ತುಂಬಿಸಿಟ್ಟರು. ಸುತ್ತಿಗೆಯಲ್ಲಿ ಹೊಡೆದರೆ ಚೂರಾಗುವ ಆ ವಸ್ತುವೂ ದ್ರವವೇ, ಹರಿಯುತ್ತದೆ ಎಂದು ವಿದ್ಯಾರ್ಥಿಗಳಿಗೆ ತೋರಿಸುವ ಉದ್ದೇಶ. ಹರಿಯಿತು, ನಿಜ. 2014ರ ಹೊತ್ತಿಗೆ ಒಂಬತ್ತು ಹನಿ ಬಿದ್ದಿದ್ದವು. ಅದನ್ನು ದಶಕಗಟ್ಟಲೆ ಕಾಯ್ದ ಜಾನ್ ಮೇನ್‌ಸ್ಟೋನ್ ಎಂಬವರು ಒಂದು ಹನಿಯೂ ಬೀಳುವುದನ್ನು ಕಣ್ಣಾರೆ ಕಾಣಲಿಲ್ಲ. 1988ರಲ್ಲಿ ಏನೋ ಕುಡಿಯಲೆಂದು ಹೊರಗೆ ಹೋಗಿ ಬರುವಷ್ಟರಲ್ಲಿ ಬಿತ್ತು. 2000ದಲ್ಲಿ ಕಾವಲಿಟ್ಟ ಕ್ಯಾಮೆರಾ ಕೈಕೊಟ್ಟಿತು. 2005ರಲ್ಲಿ ನಗೆಯ ನೊಬೆಲ್ ಎನಿಸಿದ ಇಗ್ ನೊಬೆಲ್ ಬಹುಮಾನ ಇಬ್ಬರಿಗೂ ಬಂತು, ಪಾರ್ನೆಲ್ಲರಿಗೆ ಮರಣೋತ್ತರವಾಗಿ. ಆ ಪಿಚ್ಚಿನ ಸ್ನಿಗ್ಧತೆ ನೀರಿನ 23,000 ಕೋಟಿ ಪಟ್ಟು ಎಂಬುದು ಒಂದು ಅಂದಾಜು. ಗಟ್ಟಿಯೇ ಬೇಕೆನ್ನುವ ಮಾಲೀಕರಿಗೆ ಇದಕ್ಕಿಂತ ಮೇಲಾದ ಮಾಲು ಸಿಗಲಾರದು.

ಎಣ್ಣೆಯ ಚರಿತ್ರೆಯಲ್ಲಿ ನಮ್ಮ ಅಜ್ಜಿಯರ ಪಾಲೂ ಇದೆ ಎಂಬುದನ್ನು ಹೇಳದಿದ್ದರೆ ತಪ್ಪಾದೀತು. ಮಕ್ಕಳ ಬಾಯಿ ಬಲವಂತದಿಂದ ತೆರೆಸಿ ಭೇದಿಗೆ ಹುಯ್ಯುತ್ತಿದ್ದ ಹರಳೆಣ್ಣೆ, ಅರ್ಥಾತ್ ಔಡಲೆಣ್ಣೆ, ಒಂದು ಕಾಲದ ಶ್ರೇಷ್ಠ ಇಂಜಿನ್ ಆಯಿಲ್. ಬಿಸಿಯಲ್ಲೂ ಅದು ಅಂಟಿಕೊಂಡು ನಿಲ್ಲುತ್ತದೆ. ಇಂಗ್ಲೆಂಡಿನ ಚಾರ್ಲ್ಸ್ ಚಿಯರ್ಸ್ ವೇಕ್‌ಫೀಲ್ಡ್ 1899ರಲ್ಲಿ ತೆರೆದ ಕಂಪನಿ ಕೆಲವು ವರ್ಷಗಳ ಬಳಿಕ ಹರಳೆಣ್ಣೆ ಬೆರೆಸಿದ ಆಯಿಲ್ಲಿಗೆ ಕ್ಯಾಸ್ಟ್ರಾಲ್ ಎಂದು ಹೆಸರಿಟ್ಟಿತು. ಹರಳಿನ ಇಂಗ್ಲಿಷ್ ಹೆಸರು ಅದರಲ್ಲೇ ಅಡಗಿದೆ. ಮೊದಲ ಮಹಾಯುದ್ಧದ ಅನೇಕ ವಿಮಾನಗಳಲ್ಲಿ ಇಡೀ ಇಂಜಿನ್ನೇ ಗಿರಗಿರ ತಿರುಗುತ್ತಿತ್ತು. ಪೆಟ್ರೋಲಿನಲ್ಲಿ ಸುಲಭವಾಗಿ ಕರಗದ ಗುಣವಿದ್ದ ಹರಳೆಣ್ಣೆಯನ್ನೇ ಅವಕ್ಕೆ ಹಾಕುತ್ತಿದ್ದರು. ಒಮ್ಮೆ ಒಳಗೆ ಹೋದ ಎಣ್ಣೆ ವಾಪಸ್ ಬರುತ್ತಿರಲಿಲ್ಲ, ತುಂತುರಾಗಿ ಹೊರಗೆ ಹಾರಿ ಪೈಲಟ್ಟಿನ ಮುಖಕ್ಕೇ ರಾಚುತ್ತಿತ್ತು. ಮೂಗು-ಬಾಯಿಗೆ ಹೋದದ್ದರ ಪರಿಣಾಮ ನಮ್ಮ ಅಜ್ಜಿಯರಿಗೆ ಗೊತ್ತಿದ್ದದ್ದೇ. ಆಕಾಶದಲ್ಲಿ ಶತ್ರುವಿನ ಗುಂಡು, ಹೊಟ್ಟೆಯಲ್ಲಿ ಹರಳೆಣ್ಣೆ. ವೀರರು ಬೇಗ ಬೇಗ ನೆಲಕ್ಕಿಳಿಯಲು ಕಾರಣ ಒಂದೇ ಇರಲಿಲ್ಲ.

ಇಷ್ಟೆಲ್ಲ ಆದ ಮೇಲೂ ಜೆ.ಸಿ. ರಸ್ತೆಯ ಹುಡುಗನ ಪ್ರಶ್ನೆ ಹಾಗೇ ಉಳಿದಿದೆಯಲ್ಲ? ಅದಕ್ಕೆ ಉತ್ತರ ಕಾರಿನೊಳಗೇ ಇರುತ್ತದೆ. ಡ್ಯಾಶ್‌ಬೋರ್ಡಿನ ಗೂಡು ತೆರೆದು, ಧರ್ಮಸ್ಥಳದ ಕುಂಕುಮದ ಪೊಟ್ಟಣ, ಅವಧಿ ಮೀರಿದ ಎಮಿಷನ್ ಸರ್ಟಿಫಿಕೇಟು, ಒಂಟಿ ಕೂಲಿಂಗ್ ಗ್ಲಾಸು, ಟೋಲ್ ರಸೀದಿಗಳನ್ನು ಪಕ್ಕಕ್ಕೆ ಸರಿಸಿದರೆ ತಳದಲ್ಲಿ ಪ್ಲಾಸ್ಟಿಕ್ ಹೊದಿಕೆ ಬಿಚ್ಚದ ಓನರ್ಸ್ ಮ್ಯಾನ್ಯುಯಲ್ ಮಲಗಿರುತ್ತದೆ. ಕಾರು ಕೊಂಡವರು ಅದನ್ನು ಓದುವುದು ಬ್ಲೂಟೂತ್ ಕೂಡಿಸಲು ಬಾರದಾಗ ಮಾತ್ರ. ಅದರ ಒಂದು ಪುಟದಲ್ಲಿ ಥರ್ಮಾಮೀಟರಿನಂಥ ಗೆರೆ ಎಳೆದು, ಹೊರಗಿನ ಹವೆ ಇಷ್ಟಿದ್ದರೆ ಈ ಗ್ರೇಡು ಎಂದು ಪಟ್ಟಿಗಳನ್ನು ಬರೆದಿರುತ್ತಾರೆ, ಇಲ್ಲವೇ ಒಂದೇ ಸಾಲಿನಲ್ಲಿ ಅಪ್ಪಣೆ ಕೊಟ್ಟಿರುತ್ತಾರೆ. ಇತ್ತೀಚಿನ ಪುಟ್ಟ ಪೆಟ್ರೋಲ್ ಕಾರುಗಳಲ್ಲಿ ಅದು 0ಡಬ್ಲ್ಯೂ-20 ಇರಬಹುದು, 0ಡಬ್ಲ್ಯೂ-16 ಕೂಡ ಇರಬಹುದು. ಗಾಬರಿಯಾಗಬೇಕಿಲ್ಲ, ಆ ಇಂಜಿನ್ ಕಟ್ಟಿದ್ದೇ ಆ ಎಣ್ಣೆಗೆ. ಯೂರೋಪಿನ ಟರ್ಬೊ ಇಂಜಿನ್ನಿನ ಪುಸ್ತಕದಲ್ಲಿ 5ಡಬ್ಲ್ಯೂ-40 ಎಂದಿದ್ದರೆ ಮೈಲೇಜಿನ ಆಸೆಗೆ 0-16 ಹಾಕಿ ಜಾಣನಾಗುವುದೂ ಬೇಡ.

ಗ್ರೇಡಿನ ಜತೆಗೇ ಎಪಿಐ ಎಸ್‌ಪಿ, ಎಸಿಇಎ ಸಿ3 ಎಂಬಂಥ ಅಕ್ಷರಗಳೂ ಇರುತ್ತವೆ. ಅವು ಗಟ್ಟಿತನವನ್ನಲ್ಲ, ಎಣ್ಣೆಯ ಒಳಗುಣವನ್ನು ಹೇಳುತ್ತವೆ. ಮಸಿ ಹಿಡಿಯುವ ಡಿಪಿಎಫ್ ಇರುವ ಡೀಸೆಲ್ ಕಾರಿಗೆ ಬೂದಿ ಕಡಿಮೆ ಉಳಿಸುವ ಎಣ್ಣೆಯೇ ಆಗಬೇಕು, ಇಲ್ಲದಿದ್ದರೆ ಉಳಿಸಿದ ದುಡ್ಡು ಸೈಲೆನ್ಸರಿನ ದಾರಿಯಲ್ಲಿ ಹೋಗುತ್ತದೆ. ಕಾರಿನದು ಮಿಕ್ಕಿತೆಂದು ಮಗನ ಬೈಕಿಗೆ ಸುರಿಯುವ ಅಪ್ಪಂದಿರಿಗೂ ಒಂದು ಮಾತು: ಬಹುತೇಕ ಬೈಕುಗಳ ಕ್ಲಚ್ಚು ಅದೇ ಎಣ್ಣೆಯಲ್ಲಿ ಮುಳುಗಿರುತ್ತದೆ. ಕಾರಿನ ಆಯಿಲ್ಲಿನ ಜಾರುವ ರಸಾಯನಗಳು ಕ್ಲಚ್ಚನ್ನೂ ಜಾರಿಸಬಲ್ಲವು. ಅದಕ್ಕೇ ಬೈಕಿನ ಡಬ್ಬದ ಮೇಲೆ ಜಾಸೊ ಎಂಎ ಎಂದು ಬೇರೆಯೇ ಮುದ್ರೆ.

ಲಡಾಖ್ ಯಾತ್ರೆಗೆ ಹೊರಟ ಬೆಂಗಳೂರಿಗರು ತಿಂಗಳು ಮೊದಲೇ 0ಡಬ್ಲ್ಯೂ ಹುಡುಕಾಡುವುದುಂಟು. ಚಳಿಗಾಲದ ರಾತ್ರಿ ಲೇಹ್‌ನಲ್ಲಿ ಮೈನಸ್ 15-20 ಆಗುತ್ತದೆ, ಸರಿ. ಆದರೆ ಆಗ ಮನಾಲಿ ದಾರಿಯ ಕಣಿವೆಗಳು ಹಿಮದಲ್ಲಿ ಮುಚ್ಚಿಕೊಂಡಿರುತ್ತವೆ, ಇವರು ಹೋಗುವುದೇ ಬೇಸಿಗೆ-ಮಳೆಗಾಲದಲ್ಲಿ. ಜುಲೈ ತಿಂಗಳ ಲೇಹ್‌ಗೆ ಪುಸ್ತಕದಲ್ಲಿರುವ ಮಾಮೂಲಿ 5ಡಬ್ಲ್ಯೂ ಬೇಕಾದಷ್ಟಾಯಿತು. ಹೆಚ್ಚಿನ ಸ್ವೆಟರು ತಮಗೆ ಇಟ್ಟುಕೊಂಡರೆ ಸಾಕು.

ಇನ್ನು ದಾರಿ ಮಧ್ಯದ ಮಾತು. ಹಿರಿಯೂರಿನ ಹತ್ತಿರ ಡಿಪ್‌ಸ್ಟಿಕ್ ಎಳೆದರೆ ಎಣ್ಣೆ ಕೆಳಗಿನ ಗೆರೆಗಿಂತ ಕೆಳಗಿದೆ, ಬಂಕಿನಲ್ಲಿ ಇರುವುದು 20ಡಬ್ಲ್ಯೂ-40 ಮಾತ್ರ ಎಂದಾದರೆ ಪುಸ್ತಕದ ಪಾವಿತ್ರ್ಯ ಕಾಪಾಡುತ್ತ ಕೂರುವ ಹೊತ್ತು ಅದಲ್ಲ. ಗುಣಮಟ್ಟದ ಮುದ್ರೆ ಪಡೆದ ಆಯಿಲ್ಲುಗಳು ಒಂದರೊಡನೊಂದು ಬೆರೆಯಲೇಬೇಕೆಂಬುದು ನಿಯಮ, ಒಡೆಯುವುದಿಲ್ಲ, ಹೆಪ್ಪುಗಟ್ಟುವುದಿಲ್ಲ. ಅರ್ಧ ಲೀಟರು ಸುರಿದು, ಗೆರೆ ಮುಟ್ಟಿತೇ ನೋಡಿ, ಹೊರಡುವುದು. ಊರು ಸೇರಿದ ಮೇಲೆ ಸರಿಯಾದದ್ದು ಹಾಕಿಸಿದರಾಯಿತು. ಹಾಕಿಸುವಾಗ ಎದುರಿಗೇ ಸೀಲು ಒಡೆಸಿ, ಖಾಲಿ ಡಬ್ಬಕ್ಕೆ ಸ್ಕ್ರೂಡ್ರೈವರಿನಲ್ಲಿ ಎರಡು ತೂತು ಹೊಡೆಸುವುದು ಒಳ್ಳೆಯದು. ಖಾಲಿ ಡಬ್ಬಗಳಿಗೆ ನಕಲಿ ಆಯಿಲ್ ತುಂಬುವವರ ಬಳಿ ಒಳ್ಳೆಯ ಬೆಲೆಯಿದೆ. ಮೂರೂವರೆ ಲೀಟರಿನ ಡಬ್ಬದಲ್ಲಿ ಮಿಕ್ಕ ಕಾಲು ಲೀಟರು ಇದ್ದರೆ ಮೊದಲು ಅದನ್ನು ಬಾಟಲಿಗೆ ಬಗ್ಗಿಸಿಕೊಳ್ಳಬೇಕು. ಮನೆಯ ಗೇಟಿನ ಕೀಲಿಗೆ 0ಡಬ್ಲ್ಯೂ-20 ಆಗುತ್ತದೆ, 20ಡಬ್ಲ್ಯೂ-50 ಕೂಡ ಆಗುತ್ತದೆ. ಗೇಟಿಗೆ ಮ್ಯಾನ್ಯುಯಲ್ ಇಲ್ಲ.